ಸೀಲಿಂಗ್‌ನ ಅಮೆರಿಸಿಯಂ, ಸ್ಕ್ಯಾನ್‌ನ ಟೆಕ್ನೀಷಿಯಂ: ಯಾವುದಕ್ಕೆ ಎಷ್ಟು ಹೆದರಬೇಕು?

ದುಬೈ: ಮಿರ್ದಿಫ್‌ನಲ್ಲಿ ಮನೆ ಮಾಡಿದವರಿಗೆ ಎರಡು ಶಬ್ದ ರೂಢಿಯಾಗಿರುತ್ತದೆ. ಒಂದು, ತಲೆ ಮೇಲೆ ಹಾದು ಹೋಗುವ ವಿಮಾನದ್ದು. ಇನ್ನೊಂದು, ಅಡುಗೆ ಮನೆ ಹತ್ತಿರದ ಹೊಗೆ ಅಲಾರಂನದ್ದು. ಕಳೆದ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ಕೋಳಿ ಸುಕ್ಕಕ್ಕೆ ಮೆಣಸು ಹುರಿಯುತ್ತಿದ್ದಾಗ ಆ ಅಲಾರಂ ಕಿವಿ ತೂತಾಗುವ ಹಾಗೆ ಕೂಗಿತು. ಸ್ಟೂಲ್ ಹತ್ತಿ ಅದನ್ನು ಕೆಳಗೆ ಇಳಿಸಿದೆ. ಹತ್ತನೇ ಕ್ಲಾಸಿನ ಮಗ ಅದನ್ನು ತಿರುಗಿಸಿ ನೋಡಿ, "ಅಪ್ಪ, ಇದರಲ್ಲಿ ರೇಡಿಯೋ ಆಕ್ಟಿವ್ ಇದೆ, ಅಮೆರಿಸಿಯಂ 241 ಅಂತ ಬರೆದಿದೆ" ಅಂದ. ಹೆಂಡತಿ ಅಲ್ಲೇ ತೀರ್ಮಾನ ಕೊಟ್ಟಳು: "ಹಾಗಾದ್ರೆ ಅದು ಮನೆಯೊಳಗೆ ಬೇಡವೇ ಬೇಡ."

ಅವತ್ತು ಊಟಕ್ಕೆ ಬಂದಿದ್ದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಆವರೆಗೆ ಸುಮ್ಮನೆ ಕೂತಿದ್ದರು. ಅಲ್ ಕೂಸ್‌ನ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಫೋರ್‌ಮನ್. ವಯಸ್ಸು 54, ಸಕ್ಕರೆ ಕಾಯಿಲೆ ಇದೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗುತ್ತದೆ ಎಂದು ಡಾಕ್ಟರ್ ಹತ್ತಿರ ಹೋಗಿದ್ದರು. ಹೃದಯದ ಒಂದು ಸ್ಕ್ಯಾನ್ ಮಾಡಿಸಲು ಡಾಕ್ಟರ್ ಬರೆದು ಕೊಟ್ಟು ಮೂರು ವಾರ ಆಗಿತ್ತು, ಇನ್ಶೂರೆನ್ಸ್ ಅಪ್ರೂವಲ್ ಕೂಡ ಬಂದಿತ್ತು. ಆದರೆ ಇವರು ಹೋಗಿರಲಿಲ್ಲ. ಈಗ ಕಾರಣ ಹೊರಗೆ ಬಂತು: "ನನಗೂ ಅದೇ ಮಾರಾಯ. ರಕ್ತಕ್ಕೇ ರೇಡಿಯೋ ಆಕ್ಟಿವ್ ಇಂಜೆಕ್ಷನ್ ಕೊಡ್ತಾರಂತೆ. ಅದೂ ಊರಿಗೆ ಹೋಗ್ಲಿಕ್ಕೆ ಹದಿನೈದು ದಿನ ಇರುವಾಗ. ಏರ್‌ಪೋರ್ಟಲ್ಲಿ ಹಿಡಿದು ಕೂರಿಸಿದ್ರೆ?"

ಒಂದೇ ಊಟದ ಹೊತ್ತಿಗೆ ಎರಡು ಸಮಸ್ಯೆ. ಹೊಗೆ ಅಲಾರಂ ಕಿತ್ತು ಬಿಸಾಡಬೇಕೆಂದು ಒಬ್ಬರು, ಸ್ಕ್ಯಾನ್ ಬೇಡವೆಂದು ಇನ್ನೊಬ್ಬರು. ಇಬ್ಬರ ಕಾರಣವೂ ಒಂದೇ ಪದ: ರೇಡಿಯೋ ಆಕ್ಟಿವ್, ಕನ್ನಡದಲ್ಲಿ ವಿಕಿರಣಶೀಲ. ನಾನು ಕಾಮರ್ಸ್ ಓದಿದವ, ಲೆಕ್ಕ ಬರೆಯುವುದು ನನ್ನ ಕೆಲಸ. ವಿಜ್ಞಾನ ಹತ್ತನೇ ಕ್ಲಾಸಿಗೇ ಬಿಟ್ಟದ್ದು. ಆದರೂ ಮನೆಯವರ ಪ್ರಶ್ನೆಗೆ ಉತ್ತರ ಬೇಕಲ್ಲ. ಓದಿ, ಗೊತ್ತಿದ್ದವರಲ್ಲಿ ಕೇಳಿ ತಿಳಿದುಕೊಂಡಾಗ ಇದು ನಮ್ಮ ಲೆಡ್ಜರ್ ಲೆಕ್ಕಕ್ಕಿಂತ ಬಹಳ ಬೇರೆ ಅಲ್ಲ ಅನಿಸಿತು. ಇದೇ ಹೆದರಿಕೆ ನಿಮ್ಮ ಮನೆಯಲ್ಲೂ, ರೂಮಿನಲ್ಲೂ ಇರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ಮನುಷ್ಯ ಮಾಡಿದ ಲೋಹಗಳು

ಅಲಾರಂ ಒಳಗಿರುವುದು ಅಮೆರಿಸಿಯಂ. ಭಾವನಿಗೆ ಕೊಡಬೇಕೆಂದಿದ್ದ ಇಂಜೆಕ್ಷನ್‌ನಲ್ಲಿರುವುದು ಟೆಕ್ನೀಷಿಯಂ. ಎರಡೂ ಲೋಹಗಳೇ. ಆದರೆ ಕಬ್ಬಿಣ, ತಾಮ್ರ, ಕೋಲಾರದ ಚಿನ್ನದ ಹಾಗೆ ಗಣಿಯಿಂದ ಅಗೆದು ತೆಗೆದವಲ್ಲ. ಟೆಕ್ನೀಷಿಯಂ ಭೂಮಿಯಲ್ಲಿ ಯುರೇನಿಯಂ ಅದಿರಿನೊಳಗೆ ಎಲ್ಲೋ ಲೆಕ್ಕಕ್ಕೆ ಸಿಗದಷ್ಟು ಇರುತ್ತದೆ, ಅಷ್ಟೇ. ನಾವು ಬಳಸುವುದೆಲ್ಲ ಮನುಷ್ಯ ಯಂತ್ರದಲ್ಲಿ ಮಾಡಿದ್ದು.

ಟೆಕ್ನೀಷಿಯಂ ಕಥೆ ಲೆಕ್ಕಿಗರಿಗೆ ಇಷ್ಟ ಆಗುವಂಥದ್ದು. ರಷ್ಯಾದ ಮೆಂಡಲೀವ್ 1871ರಲ್ಲೇ ಮೂಲವಸ್ತುಗಳ ಪಟ್ಟಿಯಲ್ಲಿ ಮ್ಯಾಂಗನೀಸ್ ಕೆಳಗಿನ ಜಾಗ ಖಾಲಿ ಬಿಟ್ಟು, ಇಲ್ಲಿ ಒಂದು ಲೋಹ ಇರಲೇಬೇಕು ಎಂದಿದ್ದ. ನಾವು ತಾಳೆ ಆಗದ ಮೊತ್ತವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಇಡುತ್ತೇವಲ್ಲ, ಹಾಗೆ. ಆ ಖಾತೆ ಮುಚ್ಚಲು 66 ವರ್ಷ ಬೇಕಾಯಿತು. 1937ರಲ್ಲಿ ಇಟಲಿಯ ಪಲೆರ್ಮೋದಲ್ಲಿ ಕಾರ್ಲೋ ಪೆರಿಯೆ ಮತ್ತು ಎಮಿಲಿಯೋ ಸೆಗ್ರೆ ಎಂಬ ಇಬ್ಬರು ಅದನ್ನು ಕಂಡುಹಿಡಿದರು. ಎಲ್ಲಿ? ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದಲ್ಲಿ ಬಳಸಿ ತೆಗೆದಿದ್ದ ಮಾಲಿಬ್ಡಿನಂ ತಗಡಿನಲ್ಲಿ. ಮನುಷ್ಯ ಕೃತಕವಾಗಿ ಮಾಡಿದ ಮೊದಲ ಮೂಲವಸ್ತು ಇದು. ಗ್ರೀಕ್ ಭಾಷೆಯಲ್ಲಿ ಕೃತಕ ಎಂಬ ಅರ್ಥದ ಪದದಿಂದಲೇ ಇದಕ್ಕೆ ಹೆಸರು ಬಂತು. ಪಟ್ಟಿಯಲ್ಲಿ ಇದರ ಕ್ರಮಸಂಖ್ಯೆ 43.

ಅಮೆರಿಸಿಯಂನ ಸಂಖ್ಯೆ 95. ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಶಿಕಾಗೋದ ಪ್ರಯೋಗಾಲಯದಲ್ಲಿ ಇದನ್ನು ಮಾಡಿದರು. ಆಗ ಎಲ್ಲವೂ ಗುಟ್ಟು. ಯುದ್ಧ ಮುಗಿದ ಮೇಲೆ, 1945ರ ನವೆಂಬರ್ 11ರಂದು ಮಕ್ಕಳ ರೇಡಿಯೋ ಕಾರ್ಯಕ್ರಮವೊಂದರಲ್ಲಿ "ಹೊಸ ಮೂಲವಸ್ತು ಏನಾದರೂ ಸಿಕ್ಕಿದೆಯಾ?" ಎಂದು ಕೇಳಿದಾಗ ಸೀಬೋರ್ಗ್ ಹೌದು ಎಂದುಬಿಟ್ಟರು. ಅಧಿಕೃತ ಘೋಷಣೆಗೆ ಮೊದಲೇ ಸುದ್ದಿ ಹೊರಬಿತ್ತು.

ಇವತ್ತು ಎರಡೂ ಬರುವುದು ಹೆಚ್ಚಾಗಿ ಪರಮಾಣು ರಿಯಾಕ್ಟರ್‌ನಿಂದ. ಯುರೇನಿಯಂ ಒಡೆದಾಗ ಬರುವ ತುಂಡುಗಳಲ್ಲಿ ಟೆಕ್ನೀಷಿಯಂ ಒಂದು. ಯುರೇನಿಯಂ ಒಡೆಯದೆ ಕಣಗಳನ್ನು ನುಂಗುತ್ತಾ ಭಾರವಾಗಿ ಪ್ಲುಟೋನಿಯಂ ಆಗಿ, ಆ ಪ್ಲುಟೋನಿಯಂನ ಒಂದು ಬಗೆ ಬದಲಾಗಿ ಅಮೆರಿಸಿಯಂ ಆಗುತ್ತದೆ. ಅಂದರೆ ನಮ್ಮ ಕಾರವಾರ ಕಡೆಯ ಕೈಗಾದಲ್ಲಿ, ಇಲ್ಲಿ ಅಬುಧಾಬಿಯ ಅಲ್ ದಫ್ರಾದ ಬರಾಕಾದಲ್ಲಿ ಉರಿದು ಮುಗಿದ ಇಂಧನದೊಳಗೆ ಈ ಎರಡೂ ಒಟ್ಟಿಗೇ ಇರುತ್ತವೆ. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮ ಎನ್ನಬಹುದು. ಗುಣ ಮಾತ್ರ ಪೂರ್ತಿ ಬೇರೆ.

ಲೋಹದ ಗುಣ: ನೋಡಲಿಕ್ಕೆ ಒಂದೇ

ಮೊದಲು ಸಾಮಾನ್ಯ ಗುಣಗಳನ್ನು ನೋಡೋಣ.

• ಬಣ್ಣ: ಟೆಕ್ನೀಷಿಯಂ ಬೂದು ಬೆಳ್ಳಿ, ಅಮೆರಿಸಿಯಂ ಬಿಳಿ ಬೆಳ್ಳಿ. ಗಾಳಿಗೆ ಬಿಟ್ಟರೆ ಎರಡೂ ನಿಧಾನವಾಗಿ ಮಂಕಾಗುತ್ತವೆ.
• ತೂಕ: ಒಂದು ಘನ ಸೆಂಟಿಮೀಟರ್‌ಗೆ ಟೆಕ್ನೀಷಿಯಂ ಸುಮಾರು 11 ಗ್ರಾಂ, ಅಮೆರಿಸಿಯಂ ಸುಮಾರು 12 ಗ್ರಾಂ. ಎರಡೂ ಹೆಚ್ಚು ಕಡಿಮೆ ಸೀಸದಷ್ಟು ಭಾರ.
• ಕರಗುವ ಬಿಸಿ: ಅಮೆರಿಸಿಯಂ 1176 ಡಿಗ್ರಿಗೆ ಕರಗುತ್ತದೆ, ಕಬ್ಬಿಣಕ್ಕಿಂತ ಬೇಗ. ಟೆಕ್ನೀಷಿಯಂ ಕರಗಲು 2157 ಡಿಗ್ರಿ ಬೇಕು.
• ಬೇರೆಯವರ ಜೊತೆ ಸೇರುವ ಗುಣ: ಟೆಕ್ನೀಷಿಯಂ ಎಲ್ಲರ ಜೊತೆ ಹೊಂದಿಕೊಳ್ಳುವ ಸ್ವಭಾವದ್ದು. ಹಲವು ರೂಪದಲ್ಲಿ ಹಲವು ಔಷಧಿಗಳಿಗೆ ಅಂಟಿಕೊಳ್ಳುತ್ತದೆ. ಒಂದು ಔಷಧಿಗೆ ಕಟ್ಟಿದರೆ ಮೂಳೆಗೆ ಹೋಗುತ್ತದೆ, ಇನ್ನೊಂದಕ್ಕೆ ಕಟ್ಟಿದರೆ ಹೃದಯದ ಸ್ನಾಯುವಿಗೆ. ಅಮೆರಿಸಿಯಂಗೆ ಸಾಮಾನ್ಯವಾಗಿ ಒಂದೇ ರೂಪ. ಮೈಯೊಳಗೆ ಹೋದರೆ ಮೂಳೆ ಮತ್ತು ಲಿವರ್‌ನಲ್ಲಿ ಕೂತುಬಿಡುತ್ತದೆ, ಹತ್ತಾರು ವರ್ಷ ಏಳುವುದಿಲ್ಲ.

ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಈಗ ನಿಜವಾದ ವ್ಯತ್ಯಾಸಕ್ಕೆ ಬರೋಣ. ವಿಕಿರಣಶೀಲ ಎಂದ ಕೂಡಲೇ ಹೆದರುವ ಬದಲು ಮೂರು ಪ್ರಶ್ನೆ ಕೇಳಬೇಕು. ಎಷ್ಟು ಕಾಲ ಇರುತ್ತದೆ? ಯಾವ ಕಿರಣ ಬಿಡುತ್ತದೆ? ಎಲ್ಲಿ ಕೂರುತ್ತದೆ?

ಮೊದಲ ಪ್ರಶ್ನೆ: ಎಷ್ಟು ಕಾಲ?

ವಿಕಿರಣಶೀಲ ವಸ್ತುವಿನ ಅಣುಗಳು ಒಂದೊಂದಾಗಿ ಬದಲಾಗುತ್ತಾ ಹೋಗುತ್ತವೆ, ಬದಲಾಗುವಾಗ ಕಿರಣ ಬಿಡುತ್ತವೆ. ಅರ್ಧದಷ್ಟು ಅಣುಗಳು ಬದಲಾಗಲು ಬೇಕಾದ ಸಮಯಕ್ಕೆ ಅರ್ಧಾಯುಷ್ಯ ಎನ್ನುತ್ತಾರೆ. ಬಿ.ಕಾಂ. ಓದಿದವರಿಗೆ ಇದು ಹೊಸದಲ್ಲ. ಡಿಪ್ರೀಸಿಯೇಷನ್‌ನ ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯೇ ಇದು. ಪ್ರತಿ ಸಲ ಉಳಿದ ಮೊತ್ತದ ಮೇಲೆ ಅದೇ ಶೇಕಡಾವಾರು ಕಳೆಯುವುದು. ಇಲ್ಲಿ ಪ್ರತಿ ಅವಧಿಗೆ ಶೇಕಡಾ 50.

ಸ್ಕ್ಯಾನ್‌ಗೆ ಬಳಸುವ ಟೆಕ್ನೀಷಿಯಂ 99ಎಂ ಎಂಬ ಬಗೆಯ ಅರ್ಧಾಯುಷ್ಯ ಕೇವಲ 6 ಗಂಟೆ. ಬೆಳಿಗ್ಗೆ 8 ಗಂಟೆಗೆ ಇಂಜೆಕ್ಷನ್‌ನಲ್ಲಿ 1000 ಇತ್ತು ಎಂದುಕೊಳ್ಳಿ. ಮಧ್ಯಾಹ್ನ 2ಕ್ಕೆ 500. ರಾತ್ರಿ 8ಕ್ಕೆ 250. ಮರುದಿನ ಬೆಳಿಗ್ಗೆ 8ಕ್ಕೆ 62. ಅದರ ಮರುದಿನ ಬೆಳಿಗ್ಗೆ 4. ಅದೇ ರಾತ್ರಿ 8 ಗಂಟೆಗೆ 1. ಅಷ್ಟರಲ್ಲಿ ಮೂತ್ರದಲ್ಲಿ, ಮಲದಲ್ಲಿ ಹೋದದ್ದು ಬೇರೆ, ಹಾಗಾಗಿ ದೇಹದಲ್ಲಿ ಉಳಿಯುವುದು ಇನ್ನೂ ಕಡಿಮೆ.

ಅಲಾರಂನ ಅಮೆರಿಸಿಯಂ 241ರ ಅರ್ಧಾಯುಷ್ಯ ಸುಮಾರು 432 ವರ್ಷ. ಇವತ್ತು 1000 ಇದ್ದರೆ ಹತ್ತು ವರ್ಷ ಕಳೆದ ಮೇಲೂ 984 ಇರುತ್ತದೆ. ಇಪ್ಪತ್ತರ ವಯಸ್ಸಿಗೆ ಗಲ್ಫ್‌ಗೆ ಬಂದವನು ನಲವತ್ತು ವರ್ಷ ದುಡಿದು ಊರಿಗೆ ಮರಳುವಾಗಲೂ 938 ಉಳಿದಿರುತ್ತದೆ. 1565ರ ತಾಳಿಕೋಟೆ ಯುದ್ಧದ ದಿನ ಯಾರಾದರೂ ಒಂದು ಡಬ್ಬಿಯಲ್ಲಿ ಇದನ್ನು ಇಟ್ಟಿದ್ದರೆ ಇವತ್ತಿಗೆ ಅರ್ಧಕ್ಕಿಂತ ಸ್ವಲ್ಪ ಕೆಳಗೆ ಬಂದಿರುತ್ತಿತ್ತು, ಅಷ್ಟೇ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ, ನಾನೂ ಮಾಡಿದೆ. ದೀರ್ಘಾಯುಷ್ಯ ಇರುವುದೇ ಹೆಚ್ಚು ಜೋರು ಎಂದುಕೊಳ್ಳುತ್ತೇವೆ. ಲೆಕ್ಕ ಉಲ್ಟಾ. ಇಬ್ಬರಲ್ಲಿ ಒಂದೇ ಮೊತ್ತ ಇದೆ ಎಂದುಕೊಳ್ಳಿ. ಒಬ್ಬ ಎರಡು ದಿನದಲ್ಲಿ ಎಲ್ಲವನ್ನೂ ಖರ್ಚು ಮಾಡುತ್ತಾನೆ, ಇನ್ನೊಬ್ಬ ಅದನ್ನೇ ಸಾವಿರಾರು ವರ್ಷ ಎಳೆಯುತ್ತಾನೆ. ಒಂದು ಸೆಕೆಂಡಿನ ಖರ್ಚು ಯಾರದ್ದು ಜಾಸ್ತಿ? ಬೇಗ ಮುಗಿಸುವವನದ್ದು.

ಅಂಕಿ ಹೀಗಿದೆ. ಮನೆ ಅಲಾರಂನಲ್ಲಿ ಸಾಮಾನ್ಯವಾಗಿ 0.3 ಮೈಕ್ರೋಗ್ರಾಂನಷ್ಟು ಅಮೆರಿಸಿಯಂ ಇರುತ್ತದೆ. ಒಂದು ಗ್ರಾಂನಲ್ಲಿ 30 ಲಕ್ಷಕ್ಕೂ ಹೆಚ್ಚು ಅಲಾರಂ ಮಾಡಬಹುದು. ಅಷ್ಟರಿಂದ ಸೆಕೆಂಡಿಗೆ ಸುಮಾರು 37 ಸಾವಿರ ಅಣುಗಳು ಬದಲಾಗುತ್ತವೆ. ಮೂಳೆ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಕೊಡುವ ಟೆಕ್ನೀಷಿಯಂನಲ್ಲಿ ಸೆಕೆಂಡಿಗೆ 74 ಕೋಟಿ ಅಣುಗಳು ಬದಲಾಗುತ್ತವೆ. ಅಂದರೆ 20 ಸಾವಿರ ಪಟ್ಟು. ಆದರೆ ಅದರ ತೂಕ ಅಲಾರಂನ ಅಮೆರಿಸಿಯಂನ ಎಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ.

ಇದನ್ನು ಹೇಳಿದಾಗ ಭಾವ, "ಹಾಗಾದ್ರೆ ನಾನು ಹೆದರಿದ್ದೇ ಸರಿ ಅಲ್ವಾ?" ಎಂದರು. ಅದಕ್ಕೇ ಉಳಿದ ಎರಡು ಪ್ರಶ್ನೆ ಬೇಕು.

ಎರಡನೇ ಪ್ರಶ್ನೆ: ಯಾವ ಕಿರಣ?

ಅಮೆರಿಸಿಯಂ ಬಿಡುವುದು ಮುಖ್ಯವಾಗಿ ಆಲ್ಫಾ ಕಣ. ಇದು ಭಾರೀ ಕಣ, ಶಕ್ತಿ ಜಾಸ್ತಿ, ಆದರೆ ದೂರ ಹೋಗುವುದಿಲ್ಲ. ಗಾಳಿಯಲ್ಲಿ ಕೆಲವು ಸೆಂಟಿಮೀಟರ್ ಹೋಗಿ ನಿಲ್ಲುತ್ತದೆ. ಒಂದು ಹಾಳೆ ಕಾಗದ ಸಾಕು ತಡೆಯಲು. ನಮ್ಮ ಚರ್ಮದ ಮೇಲಿನ ಸತ್ತ ಪದರವೂ ಸಾಕು. ಜೊತೆಗೆ ಸ್ವಲ್ಪ ಗಾಮಾ ಕಿರಣವೂ ಬರುತ್ತದೆ, ಅದು ದುರ್ಬಲ. ಸೀಲಿಂಗ್‌ನ ಅಲಾರಂನಿಂದ ಒಂದು ಇಡೀ ವರ್ಷದಲ್ಲಿ ನಮಗೆ ತಗಲುವ ವಿಕಿರಣಕ್ಕಿಂತ, ದುಬೈಯಿಂದ ಮಂಗಳೂರಿಗೆ ಒಂದು ಸಲ ಹಾರುವಾಗ ಆಕಾಶದಿಂದ ತಗಲುವ ವಿಕಿರಣವೇ ಎಷ್ಟೋ ಪಟ್ಟು ಜಾಸ್ತಿ.

ಅಲಾರಂ ಕೆಲಸ ಮಾಡುವುದೇ ಈ ಆಲ್ಫಾ ಕಣದಿಂದ. ಒಳಗೆ ಎರಡು ಸಣ್ಣ ಲೋಹದ ತಟ್ಟೆಗಳ ನಡುವೆ ಗಾಳಿ ಇರುತ್ತದೆ. ಆಲ್ಫಾ ಕಣ ಆ ಗಾಳಿಗೆ ಬಡಿದು ಅದರಲ್ಲಿ ವಿದ್ಯುತ್ ಹರಿಯುವ ಹಾಗೆ ಮಾಡುತ್ತದೆ. ಹೊಗೆ ಒಳಗೆ ಹೋದರೆ ಆ ಹರಿವು ಕಡಿಮೆಯಾಗುತ್ತದೆ, ಕೂಡಲೇ ಅಲಾರಂ ಕೂಗುತ್ತದೆ. ಬೆಂಕಿಯ ಹೊಗೆಗೂ ಬ್ಯಾಡಗಿ ಮೆಣಸಿನ ಹೊಗೆಗೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಪಾಪ.

ಟೆಕ್ನೀಷಿಯಂ 99ಎಂ ಬಿಡುವುದು ಗಾಮಾ ಕಿರಣ. ಅದು ದೇಹವನ್ನು ದಾಟಿ ಹೊರಗೆ ಬರುತ್ತದೆ, ಬರಲೇಬೇಕು. ಹೊರಗಿರುವ ಕ್ಯಾಮೆರಾ ಅದನ್ನು ಹಿಡಿದು ಚಿತ್ರ ಮಾಡುತ್ತದೆ. ಹೃದಯದ ಯಾವ ಭಾಗಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆ, ಎಲ್ಲಿ ಹೋಗುತ್ತಿಲ್ಲ ಎಂದು ಅದರಲ್ಲಿ ಕಾಣುತ್ತದೆ. ದೇಹದಲ್ಲಿ ಅಲ್ಲೇ ನಿಂತು ಹಾನಿ ಮಾಡುವ ಆಲ್ಫಾ ಕಣ ಇದರಲ್ಲಿ ಇಲ್ಲ. ಜಗತ್ತಿನಲ್ಲಿ ಈ ರೀತಿಯ ಸ್ಕ್ಯಾನ್‌ಗಳಲ್ಲಿ ಸುಮಾರು ಶೇಕಡಾ 80ರಷ್ಟು ನಡೆಯುವುದು ಇದೇ ಟೆಕ್ನೀಷಿಯಂನಿಂದ. ಊರಲ್ಲಿ ಕೆಲವರು ಈ ಹೃದಯ ಸ್ಕ್ಯಾನ್‌ಗೆ ಇನ್ನೂ ಥಾಲಿಯಂ ಟೆಸ್ಟ್ ಎನ್ನುತ್ತಾರೆ. ಅದು ಹಳೆಯ ಹೆಸರು, ಈಗ ಹೆಚ್ಚಾಗಿ ಹಾಕುವುದು ಟೆಕ್ನೀಷಿಯಂ.

ಹಾಗಾದರೆ ಅಪಾಯ ಶೂನ್ಯವೇ? ಅಲ್ಲ. ಹೃದಯದ ಸ್ಕ್ಯಾನ್‌ನಲ್ಲಿ, ವಿಶ್ರಾಂತಿಯಲ್ಲಿ ಒಮ್ಮೆ, ಟ್ರೆಡ್‌ಮಿಲ್ ಮೇಲೆ ಓಡಿಸಿ ಒಮ್ಮೆ ಇಂಜೆಕ್ಷನ್ ಕೊಟ್ಟರೆ, ಒಟ್ಟು ಸುಮಾರು 10 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಹೊಟ್ಟೆಯ ಸಿಟಿ ಸ್ಕ್ಯಾನ್ ಕೂಡ ಅದೇ ಆಸುಪಾಸು. ಮಣ್ಣು, ಆಕಾಶ, ಗಾಳಿ, ಊಟದಿಂದ ಪ್ರತಿಯೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ಅಂದರೆ ಈ ಸ್ಕ್ಯಾನ್ ನಾಲ್ಕು ವರ್ಷದ ಲೆಕ್ಕವನ್ನು ಒಂದೇ ದಿನ ಬರೆದ ಹಾಗೆ. ಸುಮ್ಮನೆ ಮಾಡಿಸಿಕೊಳ್ಳುವಂಥದ್ದಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದು, ಎದೆ ಹಿಡಿಯುತ್ತಿದ್ದು, ಡಾಕ್ಟರ್ ನೋಡಿಯೇ ಬರೆದುಕೊಟ್ಟಿದ್ದರೆ, ಈ ಕಡೆ ಸಣ್ಣ ಅಪಾಯ, ಆ ಕಡೆ ಗೊತ್ತಾಗದೆ ಬರುವ ಹಾರ್ಟ್ ಅಟ್ಯಾಕ್. ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಹೇಳಲು ಅಕೌಂಟೆಂಟ್ ಬೇಕಾಗಿಲ್ಲ.

ಮೂರನೇ ಪ್ರಶ್ನೆ: ಎಲ್ಲಿ ಕೂರುತ್ತದೆ?

ಇದೇ ಎಲ್ಲಕ್ಕಿಂತ ಮುಖ್ಯ. ಅಲಾರಂನ ಅಮೆರಿಸಿಯಂ ಹೊರಗಿದೆ, ಮೈಯೊಳಗಿಲ್ಲ. ಅದನ್ನು ಚಿನ್ನದ ಜೊತೆ ಸೇರಿಸಿ, ತೆಳು ಲೋಹದ ಹಾಳೆಗಳ ನಡುವೆ ಒತ್ತಿ, ಒಂದು ಗುಂಡಿಯಷ್ಟು ಸಣ್ಣ ಬಿಲ್ಲೆ ಮಾಡಿ ಭದ್ರವಾಗಿ ಇಟ್ಟಿರುತ್ತಾರೆ. ಅದು ಅಲ್ಲೇ ಇರುವವರೆಗೆ ಏನೂ ಮಾಡುವುದಿಲ್ಲ. ಅದನ್ನು ಬಿಚ್ಚಿ, ಕೆರೆದು, ಸುಟ್ಟು, ಆ ಪುಡಿ ಉಸಿರಿನಲ್ಲೋ ಊಟದಲ್ಲೋ ಒಳಗೆ ಹೋದರೆ ಮಾತ್ರ ಅಪಾಯ. ಚರ್ಮದ ಹೊರಗೆ ಕೈಲಾಗದ ಆಲ್ಫಾ ಕಣ, ಚರ್ಮದ ಒಳಗೆ ಜೀವಕೋಶದ ಪಕ್ಕದಲ್ಲೇ ಕೂತರೆ ಬಹಳ ಹಾನಿ ಮಾಡುತ್ತದೆ. ಮೊದಲೇ ಹೇಳಿದ ಹಾಗೆ, ಮೂಳೆಯಲ್ಲಿ ಕೂತದ್ದು ಹತ್ತಾರು ವರ್ಷ ಏಳುವುದಿಲ್ಲ. ಚಿನ್ನ ಇದೆ ಎಂದು ಯಾರೂ ಅದನ್ನು ಬಿಚ್ಚಲು ಹೋಗಬೇಡಿ, ಸಿಗುವ ಚಿನ್ನ ಮೂಗುತಿಗೂ ಸಾಲದು.

ಟೆಕ್ನೀಷಿಯಂ ಒಳಗೇ ಹೋಗುತ್ತದೆ, ಆದರೆ ಅದು ವಿಸಿಟ್ ವೀಸಾದಲ್ಲಿ ಬಂದ ನೆಂಟ. ಎರಡು ಮೂರು ದಿನದಲ್ಲಿ ಹೊರಡುತ್ತದೆ. ಗಾಮಾ ಕಿರಣ ಬಿಟ್ಟ ಮೇಲೆ ಅದು ಟೆಕ್ನೀಷಿಯಂ 99 ಎಂಬ ಇನ್ನೊಂದು ಬಗೆ ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 2 ಲಕ್ಷ 11 ಸಾವಿರ ವರ್ಷ! ಓದಿದಾಗ ನನಗೂ ಎದೆ ಧಸಕ್ ಎಂದಿತು. ಆದರೆ ಲೆಕ್ಕ ಹಾಕಿ ನೋಡಿ. ಅಷ್ಟು ನಿಧಾನವಾಗಿ ಖರ್ಚಾಗುವುದರಿಂದ, ಕೊಟ್ಟ ಇಂಜೆಕ್ಷನ್ ಪೂರ್ತಿ ಮೈಯಲ್ಲೇ ಉಳಿದರೂ ಸೆಕೆಂಡಿಗೆ ಎರಡೋ ಮೂರೋ ಅಣು ಬದಲಾಗುತ್ತದೆ, ಅಷ್ಟೇ. ನಾವು ತಿನ್ನುವ ಬಾಳೆಹಣ್ಣು, ತರಕಾರಿಯ ಪೊಟ್ಯಾಸಿಯಂನಿಂದ ನಮ್ಮೆಲ್ಲರ ಮೈಯಲ್ಲಿ ಈಗಲೂ ಸೆಕೆಂಡಿಗೆ ಸುಮಾರು 4 ಸಾವಿರ ಅಣುಗಳು ಹೀಗೆ ಬದಲಾಗುತ್ತಿವೆ. ಅದರ ಮುಂದೆ ಇದು ಲೆಕ್ಕದ ರೌಂಡ್ ಆಫ್.

ಆಸ್ಪತ್ರೆಯವರು ದಿನಾ ಬೆಳಿಗ್ಗೆ ಹಾಲು ಕರೆಯುವುದು

ಆರೇ ಗಂಟೆಯಲ್ಲಿ ಅರ್ಧ ಆಗುವ ಮಾಲನ್ನು ಬೇರೆ ದೇಶದಿಂದ ತರಿಸುವುದು ಹೇಗೆ? ಇದು ನನಗೆ ಬಂದ ಮೊದಲ ಪ್ರಶ್ನೆ, ಸ್ಟಾಕ್ ನೋಡುವವರಿಗೆ ಬರಲೇಬೇಕಾದ ಪ್ರಶ್ನೆ. ಉತ್ತರ ಚೆನ್ನಾಗಿದೆ. ತರಿಸುವುದು ಟೆಕ್ನೀಷಿಯಂ ಅಲ್ಲ, ಅದರ ತಾಯಿ ಮಾಲಿಬ್ಡಿನಂ 99. ಅದರ ಅರ್ಧಾಯುಷ್ಯ 66 ಗಂಟೆ, ವಿಮಾನದಲ್ಲಿ ತರಿಸಲು ಸಮಯ ಸಿಗುತ್ತದೆ. ಸೀಸದ ಡಬ್ಬಿಯೊಳಗೆ ಆ ತಾಯಿ ಸದಾ ಟೆಕ್ನೀಷಿಯಂ ಹಡೆಯುತ್ತಾ ಇರುತ್ತದೆ. ಬೆಳಿಗ್ಗೆ ಉಪ್ಪು ನೀರು ಹಾಯಿಸಿ ಟೆಕ್ನೀಷಿಯಂ ಮಾತ್ರ ತೊಳೆದು ತೆಗೆಯುತ್ತಾರೆ. ಮರುದಿನಕ್ಕೆ ಮತ್ತೆ ತುಂಬಿರುತ್ತದೆ. ಆ ವಿಭಾಗದಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು ಹೇಳಿದರು, ಅವರ ಭಾಷೆಯಲ್ಲಿ ಆ ಡಬ್ಬಿಗೆ ಹಸು ಎನ್ನುತ್ತಾರಂತೆ, ತೆಗೆಯುವುದಕ್ಕೆ ಹಾಲು ಕರೆಯುವುದು ಎನ್ನುತ್ತಾರಂತೆ.

ಈ ತಾಯಿ ಮಾಲು ಮಾಡುವ ರಿಯಾಕ್ಟರ್‌ಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲಿ ದೊಡ್ಡವು ಇವೆ. 2009ರಲ್ಲಿ ಕೆನಡಾದ ಹಳೆಯ ರಿಯಾಕ್ಟರ್ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಾಗ ಹಲವು ದೇಶಗಳಲ್ಲಿ ಸ್ಕ್ಯಾನ್‌ಗಳೇ ಮುಂದೆ ಹೋದವು. ಕೂಡಿಡಲು ಆಗದ ಮಾಲು ಇದು. ಅದಕ್ಕೇ ಅಪಾಯಿಂಟ್‌ಮೆಂಟ್ ತಪ್ಪಿಸಬೇಡಿ. ನಿಮಗಾಗಿ ಬೆಳಿಗ್ಗೆ ತೆಗೆದದ್ದು ಸಂಜೆಗೆ ವ್ಯರ್ಥ.

ಅಲಾರಂ ಕಿತ್ತರೆ ಏನಾಗುತ್ತದೆ?

ಈಗ ಹೆಂಡತಿಯ ಪ್ರಶ್ನೆ. ಅಮೆರಿಸಿಯಂಗೆ ಹೆದರಿ ಅಲಾರಂ ತೆಗೆಯುವುದು, ಒಗ್ಗರಣೆಗೆ ಕೂಗುತ್ತದೆ ಎಂದು ಪ್ಲಾಸ್ಟಿಕ್ ಕಟ್ಟುವುದು, ಬ್ಯಾಟರಿ ಕೀಳುವುದು. ಮೂರೂ ನಮ್ಮವರ ಮನೆಗಳಲ್ಲಿ, ಶೇರಿಂಗ್ ರೂಮುಗಳಲ್ಲಿ ನೋಡಿದ್ದೇನೆ.

2024ರ ಜೂನ್ 12ರ ಬೆಳಗಿನ ಜಾವ ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದದ್ದು ಯಾರೂ ಮರೆತಿಲ್ಲ. 45 ಭಾರತೀಯರ ಶವಗಳನ್ನು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ತರಬೇಕಾಯಿತು. ಅವರಲ್ಲಿ ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ನಿದ್ದೆಯಲ್ಲಿದ್ದಾಗ ತುಂಬಿದ ಹೊಗೆ. ಅಲಾರಂ ಇರುವುದು ಆ ಹೊಗೆಯ ಮೊದಲ ನಿಮಿಷಗಳಿಗಾಗಿ. ಎಚ್ಚರ ಆದರೆ ಬಾಗಿಲ ತನಕ ಹೋಗಲು ಅಷ್ಟು ಸಾಕು.

ಹಾಗಾಗಿ ಅಲಾರಂ ಬೇಡ ಎನ್ನುವುದು ಉತ್ತರವಲ್ಲ. ಬೇಕಿದ್ದರೆ ಬಗೆ ಬದಲಿಸಬಹುದು. ಅಮೆರಿಸಿಯಂ ಇಲ್ಲದ, ಬೆಳಕಿನ ಕಿರಣದ ಮೇಲೆ ಕೆಲಸ ಮಾಡುವ ಅಲಾರಂಗಳು ಬಂದಿವೆ. ಜ್ವಾಲೆಯಾಗಿ ಬೇಗ ಹೊತ್ತಿಕೊಳ್ಳುವ ಬೆಂಕಿಯನ್ನು ಅಮೆರಿಸಿಯಂ ಅಲಾರಂ ಬೇಗ ಹಿಡಿಯುತ್ತದೆ. ಹಾಸಿಗೆಗೆ ಬಿದ್ದ ಸಿಗರೇಟ್, ಒಳಗೊಳಗೇ ಸುಡುವ ವಯರ್, ಇಂಥದ್ದನ್ನು ಬೆಳಕಿನ ಅಲಾರಂ ಬೇಗ ಹಿಡಿಯುತ್ತದೆ. ಅಡುಗೆ ಹೊಗೆಗೆ ಸುಮ್ಮನೆ ಕೂಗುವುದೂ ಅದರಲ್ಲಿ ಕಡಿಮೆ. ನಾವು ಅಡುಗೆ ಮನೆ ಹತ್ತಿರದ್ದನ್ನು ಬದಲಿಸಿದೆವು. ಹಳೆಯದರ ಹಿಂದೆ ಬರೆದಿದ್ದ ತಾರೀಖು ನೋಡಿದರೆ ಹನ್ನೆರಡು ವರ್ಷ ಆಗಿತ್ತು. ಅಮೆರಿಸಿಯಂ ಹಾಗೇ ಇತ್ತು, ಆದರೆ ಧೂಳು ತುಂಬಿ, ಒಳಗಿನ ಭಾಗಗಳು ಹಳೆಯದಾಗಿ ಅಲಾರಂ ಹತ್ತು ವರ್ಷಕ್ಕೆ ನಿವೃತ್ತಿ ಆಗಬೇಕು.

ನೆನಪಿಡಬೇಕಾದದ್ದು

ಅಲಾರಂ ಬಗ್ಗೆ:
• ಹಿಂದೆ ತಿರುಗಿಸಿ ನೋಡಿ. ಮೂರು ರೆಕ್ಕೆಯ ವಿಕಿರಣ ಗುರುತೋ ಅಮೆರಿಸಿಯಂ 241 ಎಂದೋ ಇದ್ದರೆ ಅದರಲ್ಲಿ ಈ ಲೋಹ ಇದೆ.
• ಬಿಚ್ಚಬೇಡಿ, ಸುಡಬೇಡಿ, ಮಕ್ಕಳ ಪ್ರಾಜೆಕ್ಟ್‌ಗೆ ಕೊಡಬೇಡಿ. ಹಳೆಯದಾದರೆ ಹಾಗೇ ಇಡಿಯಾಗಿ ಕಟ್ಟಡದ ಮೇಂಟೆನೆನ್ಸ್‌ನವರಿಗೆ ಕೊಡಿ.
• ಪ್ಲಾಸ್ಟಿಕ್ ಕಟ್ಟಬೇಡಿ. ಅಡುಗೆಗೆ ಕೂಗಿದರೆ ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಹಾಕಿ.

ಸ್ಕ್ಯಾನ್ ಬಗ್ಗೆ:
• ಗರ್ಭಿಣಿಯಾಗಿದ್ದರೆ, ಆಗಿರಬಹುದು ಎಂಬ ಸಂಶಯ ಇದ್ದರೂ, ಮಗುವಿಗೆ ಹಾಲು ಕೊಡುತ್ತಿದ್ದರೆ ಮೊದಲೇ ಹೇಳಿ. ಇದನ್ನು ನಾಚಿಕೆಯಿಂದ ಮುಚ್ಚಿಡಬಾರದು.
• ಸ್ಕ್ಯಾನ್ ಆದ ಮೇಲೆ ನೀರು ಚೆನ್ನಾಗಿ ಕುಡಿಯಿರಿ, ಆಗಾಗ ಟಾಯ್ಲೆಟ್‌ಗೆ ಹೋಗಿ, ಎರಡು ಸಲ ಫ್ಲಶ್ ಮಾಡಿ, ಕೈ ತೊಳೆಯಿರಿ. ಅದರ ಹಿಂದಿನ ಕಾರಣ ಈಗ ನಿಮಗೆ ಗೊತ್ತು.
• ವಿಮಾನ ಹತ್ತುವವರಿದ್ದರೆ ಆಸ್ಪತ್ರೆಯಿಂದ ಒಂದು ಪತ್ರ ಕೇಳಿ ಪಡೆಯಿರಿ. ಯಾವ ಔಷಧಿ, ಯಾವ ದಿನ ಕೊಟ್ಟದ್ದು ಎಂದು ಅದರಲ್ಲಿರಲಿ. ಕೆಲವು ವಿಮಾನ ನಿಲ್ದಾಣ, ಗಡಿಗಳಲ್ಲಿರುವ ವಿಕಿರಣ ಪತ್ತೆ ಯಂತ್ರಗಳು ಎರಡು ಮೂರು ದಿನದವರೆಗೆ ಇದನ್ನು ಹಿಡಿಯಬಹುದು. ಸ್ಕ್ಯಾನ್ ಮಾಡಿಸಿದ್ದು ತಪ್ಪಲ್ಲ, ಪತ್ರ ಇದ್ದರೆ ಮಾತು ಬೇಗ ಮುಗಿಯುತ್ತದೆ.
• ಥೈರಾಯ್ಡ್‌ಗೆ ಕೊಡುವ ಅಯೋಡಿನ್ 131 ಬೇರೆ ವಸ್ತು, ಅದರ ನಿಯಮ ಇನ್ನೂ ಕಟ್ಟುನಿಟ್ಟು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಕೆಲಸದ ಜಾಗದಲ್ಲಿ:
• ರಸ್ತೆ ಕೆಲಸದಲ್ಲಿ ಮಣ್ಣು, ಡಾಂಬರಿನ ಗಟ್ಟಿತನ ಮತ್ತು ತೇವ ಅಳೆಯುವ ಹಳದಿ ಪೆಟ್ಟಿಗೆ ನೋಡಿರುತ್ತೀರಿ. ಅಂಥ ಹಲವು ಪೆಟ್ಟಿಗೆಗಳಲ್ಲಿ ಅಮೆರಿಸಿಯಂ ಮತ್ತು ಬೆರಿಲಿಯಂ ಸೇರಿಸಿದ ಮೂಲ ಇರುತ್ತದೆ, ಮನೆ ಅಲಾರಂಗಿಂತ ಸಾವಿರಾರು ಪಟ್ಟು ಜೋರು. ತೈಲ ಬಾವಿಗೆ ಇಳಿಸುವ ಅಳತೆ ಉಪಕರಣದಲ್ಲಿ ಅದಕ್ಕಿಂತಲೂ ದೊಡ್ಡದು. ತರಬೇತಿ ಮತ್ತು ಬ್ಯಾಡ್ಜ್ ಇಲ್ಲದೆ ಮುಟ್ಟಬೇಡಿ. ಅದು ಕಾಣೆಯಾದರೆ ಸುಮ್ಮನಿರದೆ ಕೂಡಲೇ ಸೂಪರ್‌ವೈಸರ್‌ಗೆ ಹೇಳಿ. ಈ ದೇಶದಲ್ಲಿ ಇಂಥ ವಸ್ತುಗಳ ಮೇಲೆ ಕಣ್ಣಿಡಲು 2009ರಿಂದ ಪರಮಾಣು ನಿಯಂತ್ರಣದ ಫೆಡರಲ್ ಪ್ರಾಧಿಕಾರವೇ ಇದೆ.
• ಸ್ಕ್ರ್ಯಾಪ್ ಕೆಲಸದವರು ವಿಕಿರಣ ಗುರುತಿರುವ ಯಾವ ಡಬ್ಬಿಯನ್ನೂ ಕತ್ತರಿಸಬೇಡಿ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್ 60 ಇದ್ದ ಹಳೆಯ ಯಂತ್ರವೊಂದನ್ನು ಬಿಚ್ಚಿದ್ದಕ್ಕೆ ಹಲವರು ಆಸ್ಪತ್ರೆ ಸೇರಿ, ಒಬ್ಬರು ಜೀವ ಕಳೆದುಕೊಂಡರು.

ಕೊನೆಗೆ

ಭಾವ ಮರುವಾರ ಸ್ಕ್ಯಾನ್ ಮಾಡಿಸಿದರು. ಹೃದಯದ ಒಂದು ಕಡೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದು ಬಂತು. ಡಾಕ್ಟರ್ ಮುಂದಿನ ಪರೀಕ್ಷೆ ಮಾಡಿ ಸ್ಟೆಂಟ್ ಹಾಕಿದರು. ಊರಿನ ಟಿಕೆಟ್ ಒಂದು ತಿಂಗಳು ಮುಂದೆ ಹೋಯಿತು, ದಂಡವೂ ಕಟ್ಟಬೇಕಾಯಿತು. ಆ ಹೊತ್ತಿಗೆ ಟೆಕ್ನೀಷಿಯಂ ಮೈಯಿಂದ ಹೋಗಿ ಎಷ್ಟೋ ದಿನ ಆಗಿತ್ತು. ಆದರೂ ಅವರು ಆಸ್ಪತ್ರೆಯ ಪತ್ರವನ್ನು ಪಾಸ್‌ಪೋರ್ಟ್ ಒಳಗೆ ಇಟ್ಟುಕೊಂಡೇ ಏರ್‌ಪೋರ್ಟ್‌ಗೆ ಹೊರಟರು. "ಇರ್ಲಿ ಮಾರಾಯ, ಕಾಗದ ಇದ್ರೆ ಧೈರ್ಯ" ಎಂದರು. ಯಾರೂ ಕೇಳಲಿಲ್ಲ.

ಬಿಡಲು ಹೋದ ನಾನು ವಾಪಸ್ ಬಂದಾಗ ಮಿರ್ದಿಫ್ ಮೇಲೆ ಯಾವುದೋ ವಿಮಾನ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ ಮೆಣಸು ಹುರಿಯುತ್ತಿದ್ದಳು, ಕಿಟಕಿ ತೆರೆದಿತ್ತು. ಹೊಸ ಅಲಾರಂ ಸುಮ್ಮನಿತ್ತು. ಸ್ಟೂಲ್ ಹತ್ತಿ ಟೆಸ್ಟ್ ಬಟನ್ ಒತ್ತಿ ನೋಡಿದೆ, ಕೂಗಿತು. ನಿಮ್ಮ ರೂಮಿನಲ್ಲೂ ಇವತ್ತು ಒಮ್ಮೆ ಒತ್ತಿ ನೋಡಿ.